ಒಂದೇ ಸಾಲಿನ ಊಟ

ಊಟದ ಮೇಲೆ ಎಂ.ಫಿಲ್. ಮಾಡುತ್ತೇನೆ ಎಂದಾಗ ಹಾಸ್ಟೆಲಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ‘ನಮ್ಮ ಮೆಸ್ಸಿನ ಸಾರಿನ ಮೇಲೂ ಒಂದು ಅಧ್ಯಾಯ ಬರಿಯೇ ಯಶೋಧರಾ, ಅದರಲ್ಲಿ ಬೇಳೆ ಎಲ್ಲಿದೆ ಅಂತ ಕಂಡುಹಿಡಿದರೆ ನಿನಗೆ ನೇರ ಡಾಕ್ಟರೇಟು’ ಎಂದಳು ಒಬ್ಬಳು. ನಗಲಿ ಬಿಡಿ. ಯಾರ ಪಕ್ಕದಲ್ಲಿ ಯಾರು ಕೂತು ಉಣ್ಣುತ್ತಾರೆ, ಯಾರ ಕೈಯ ಅಡುಗೆ ಯಾರ ಬಾಯಿಗೆ ಹೋಗುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಒಂದು ಊರನ್ನೇ ತಿಳಿದುಕೊಂಡಂತೆ ಎಂದು ಸಂದರ್ಶನದಲ್ಲಿ ನಾನು ದೊಡ್ಡ ದನಿಯಲ್ಲಿ ಹೇಳಿದ್ದೆ. ಅದು ಪುಸ್ತಕ ಓದಿ ಬಂದ ಮಾತಾಗಿರಲಿಲ್ಲ.

ನನ್ನ ಅಪ್ಪ ನಾಗಯ್ಯ ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ನಮ್ಮ ಮನೆ ಕವಲಂದೆಯ ಕೇರಿಯಲ್ಲಿ. ನಾನು ನಂಜನಗೂಡಿನ ಹೈಸ್ಕೂಲಿಗೆ ಬರುತ್ತಿದ್ದಾಗ ಮಧ್ಯಾಹ್ನ ಅಪ್ಪನ ಕಚೇರಿಗೆ ಹೋಗಿ ಅವರ ಜೊತೆ ಬುತ್ತಿ ಉಣ್ಣುತ್ತಿದ್ದೆ. ಅಪ್ಪ ಎಲ್ಲರ ಮೇಜಿನ ಮೇಲೂ ನೀರಿನ ಲೋಟ ಇಡುತ್ತಿದ್ದರು, ಮಹಾದೇವಸ್ವಾಮಿ ಎಂಬ ಗುಮಾಸ್ತರ ಮೇಜೊಂದನ್ನು ಬಿಟ್ಟು. ಆ ಮಹಾಶಯರು ಕಳಲೆಯ ತಮ್ಮ ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ‘ಟೌನ್ ನೀರು ನಂಗಾಗಲ್ಲ ಕಣಯ್ಯಾ ನಾಗಯ್ಯ’ ಎನ್ನುತ್ತಿದ್ದರು. ಅದೇ ಮನುಷ್ಯ ಎದುರಿನ ಹೋಟೆಲಿನಲ್ಲಿ ಕೂತು ಅದೇ ಟೌನ್ ನೀರಿನ ಕಾಫಿಯನ್ನು ಸೊರ್ರನೆ ಹೀರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನನ್ನ ಎಂ.ಫಿಲ್. ಹುಟ್ಟಿದ್ದು ಆ ಬಾಟಲಿಯಿಂದ.

1998ರಲ್ಲಿ ನನ್ನ ಗೈಡು ಗಂಗಾಧರಸ್ವಾಮಿ ಮೇಷ್ಟ್ರು ನನ್ನನ್ನು ಕ್ಷೇತ್ರಕಾರ್ಯಕ್ಕೆ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಊರಿನ ಹೆಸರು ಬೇಡ. ತಿ. ನರಸೀಪುರ ತಾಲ್ಲೂಕು, ಹೆಮ್ಮಿಗೆಯ ಆಚೆ, ನಾಲೆಯ ನೀರು ಹರಿಯುವ ಭತ್ತದ ಸೀಮೆ ಎಂದರೆ ಸಾಕು. ಅಲ್ಲಿ ಕರಿಯಪ್ಪ ಎಂಬ ಜಮೀನುದಾರರು ಮೇಷ್ಟ್ರಿಗೆ ದೂರದ ನೆಂಟರು, ಒಂದೇ ಜನ. ‘ಇವಳು ನಮ್ಮ ವಿಭಾಗದ ಜಾಣೆ, ನಿಮ್ಮ ಮನೆಯಲ್ಲಿದ್ದುಕೊಂಡು ಹಬ್ಬ ಹರಿದಿನದ ಅಡುಗೆ, ಊಟ ಎಲ್ಲ ಬರೆದುಕೊಳ್ಳುತ್ತಾಳೆ’ ಎಂದರು ಮೇಷ್ಟ್ರು. ಕರಿಯಪ್ಪನವರ ಹೆಂಡತಿ ಶಿವನಂಜಮ್ಮ ನಡುಮನೆಯಲ್ಲಿ ಎಲೆ ಹಾಕಿದರು. ಮೇಷ್ಟ್ರು ಕೂತರು. ‘ಬಾಮ್ಮ, ಕೂತ್ಕೋ’ ಎಂದು ತಮ್ಮ ಪಕ್ಕದ ಎಲೆ ತೋರಿಸಿದರು. ಹಸಿದಿದ್ದೆ, ಕೂತೆ. ಮೇಷ್ಟ್ರ ಆ ಪಕ್ಕದಲ್ಲಿ ಕರಿಯಪ್ಪನವರು ಕೂತರು.

ಅಷ್ಟೇ ನಡೆದದ್ದು. ಆದರೆ ಆ ಸೀಮೆಯಲ್ಲಿ ಜಾತಿ ಗೊತ್ತಾಗುವುದು ಬಾಯಿಬಿಟ್ಟು ಕೇಳುವುದರಿಂದಲ್ಲ, ಯಾರು ಯಾರ ಸಾಲಿನಲ್ಲಿ ಕೂತರು ಎಂಬುದರಿಂದ. ಇದನ್ನು ನಾನೇ ನನ್ನ ಪ್ರಬಂಧದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡವಳಿಗೆ ಕೂರುವಾಗ ಹೊಳೆಯಲಿಲ್ಲ ನೋಡಿ. ಮೇಷ್ಟ್ರ ಪಕ್ಕ ಕೂತು ಉಂಡವಳು ಮೇಷ್ಟ್ರ ಜನವೇ ಇರಬೇಕು ಎಂದು ಆ ಮನೆಯವರು ತೀರ್ಮಾನಿಸಿ ಆಗಿತ್ತು. ಮೇಷ್ಟ್ರ ಕಾರು ಹೊರಟುಹೋದ ಮೇಲೆ ಶಿವನಂಜಮ್ಮ ನನ್ನ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು. ‘ನಿಮ್ಮನೇಲಿ ಉಪ್ಸಾರಿಗೆ ಬೆಳ್ಳುಳ್ಳಿ ಜಾಸ್ತಿನಾ ಕಮ್ಮಿನಾ ಮಗ’ ಎಂದು ಒಲೆಯ ಮುಂದೆ ಮಣೆ ಹಾಕಿದರು. ನನಗೆ ಆಗ ಅರ್ಥವಾಯಿತು. ಜಾಸ್ತಿ ಎಂದು ಹೇಳಿ ಮಣೆಯ ಮೇಲೆ ಕೂತೆ.

ಮರುದಿನ ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನು ಮಾಡಿ, ಇವರು ನನ್ನನ್ನು ತಮ್ಮ ಜನವೆಂದುಕೊಂಡಿದ್ದಾರೆ ಎಂದು ದನಿ ತಗ್ಗಿಸಿ ಹೇಳಿದೆ. ಅವರು ಖುಷಿಯಾಗಿ ನಕ್ಕರು. ‘ಒಳ್ಳೆಯದೇ ಆಯ್ತಲ್ಲಮ್ಮ! ಒಳಗಿನಿಂದ ನೋಡುವ ಅವಕಾಶ ಯಾರಿಗೆ ಸಿಗುತ್ತೆ? ಅವರು ಕೇಳಿಲ್ಲ, ನೀನು ಹೇಳಬೇಡ. ಜಾತಿ ಹೇಳಿಕೊಂಡು ತಿರುಗುವ ಕಾಲ ಹೋಯ್ತು.’ ಅವರಿಗೆ ಹೋಗಿರಬಹುದು. ಕಾರಿನಲ್ಲಿ ಬಂದು ಕಾರಿನಲ್ಲಿ ಹೋದವರು. ಒಲೆಯ ಮುಂದಿನ ಮಣೆಯ ಮೇಲೆ ಕೂತಿದ್ದವಳು ನಾನು.

ಕರಿಯಪ್ಪನವರು ಕೆಟ್ಟವರು ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಸಾಧ್ಯವಿಲ್ಲ. ಸಂತೆಗೆ ಹೋದರೆ ನನಗೆಂದು ಸೀಬೆಹಣ್ಣು ತರುತ್ತಿದ್ದರು. ನನಗೆ ಕೆಮ್ಮು ಬಂದಾಗ ತಾವೇ ಮೆಣಸಿನ ಕಷಾಯ ಕಾಸಿದರು. ಅದೇ ಮನುಷ್ಯ ಒಂದು ರಾತ್ರಿ ಊಟದ ಸಮಯದಲ್ಲಿ, ಮುದ್ದೆ ಮುರಿಯುತ್ತಾ, ಹಿಂದಿನ ವರ್ಷ ಗಣಪತಿ ಪೆಂಡಾಲಿನಲ್ಲಿ ನಡೆದದ್ದನ್ನು ಹೇಳಿದರು.

‘ಕೇರಿ ಉಡುಗ ಒಬ್ಬ, ಮೈಸೂರ್ನಲ್ಲಿ ಓದ್ತಾವ್ನಂತೆ, ಬಂದು ಊಟದ ಸಾಲಲ್ಲಿ ಕುಂತ್ಬುಟ್ಟವ್ನೆ. ನಮ್ಮುಡುಗ್ರು ಬುಟ್ಟಾರಾ? ಕೈ ಮುರ್ದು ಕಳ್ಸುದ್ರು. ಪೋಲಿಸ್‌ಗೆ ಓಯ್ತೀವಿ ಅಂದ್ರು. ಓಗ್ರಪ್ಪ ಅಂದೊ. ಅಷ್ಟೂ ಕೇರಿಗೆ ಕೂಲಿ ನಿಲ್ಸ್‌ಬುಟ್ಟೊ. ಅಂಗ್ಡೀಲಿ ಸಾಮಾನು ಇಲ್ಲ, ನಮ್ಮ ಗದ್ದೆ ಬದಿನ್ ಮೇಲೆ ಓಡಾಡಂಗಿಲ್ಲ. ಆಮೇಕೆ ಅವ್ರೇ ಬಂದು ಕಾಲಿಗ್ ಬಿದ್ರು.’ ಅದೇ ಉಸಿರಿನಲ್ಲಿ ಹೆಂಡತಿಯ ಕಡೆ ತಿರುಗಿ, ‘ಮಗೀಗೆ ತುಪ್ಪ ಆಕು, ಸೊರಗೋಗದೆ’ ಎಂದರು.

ನಾನು ತುಪ್ಪ ಹಾಕಿಸಿಕೊಂಡೆ. ತುತ್ತನ್ನು ನೀರು ಕುಡಿದು ಇಳಿಸಿದೆ. ಆ ದಿನದಿಂದ ನನಗೆ ನಿದ್ದೆ ಸರಿಯಾಗಿ ಬಂದದ್ದು ನೆನಪಿಲ್ಲ. ಯಾರಾದರೂ ಬಾಗಿಲಲ್ಲಿ ‘ಕರಿಯಪ್ಪಣ್ಣಾ’ ಎಂದು ಕೂಗಿದರೆ ಸಾಕು, ಅದು ನನ್ನ ವಿಷಯವೇ ಎಂದು ಬಾಗಿಲ ಮರೆಗೆ ಸರಿದು ಕಿವಿಗೊಡುತ್ತಿದ್ದೆ. ಮನೆಯಲ್ಲಿ ಅಪ್ಪ ಗೋಡೆಗೆ ಬುದ್ಧನ ಫೋಟೋ ಹಾಕಿ ನನಗೆ ಯಶೋಧರಾ ಎಂದು ಹೆಸರಿಟ್ಟವರು. ಈ ಮನೆಯಲ್ಲಿ ಆ ಹೆಸರು ಕೇಳಿ, ‘ರಾಜರ ಮನೆ ಎಸ್ರು ಇಟ್ಟವ್ರೆ’ ಎಂದು ಮೆಚ್ಚಿಕೊಂಡಿದ್ದರು.

ಆ ಮನೆಯ ಕೊಟ್ಟಿಗೆಯ ಕೆಲಸಕ್ಕೆ ಕೇರಿಯಿಂದ ಚಿನ್ನಮ್ಮ ಎಂಬ ಹೆಂಗಸು ಬರುತ್ತಿದ್ದಳು. ಸಗಣಿ ಬಾಚಿ, ದನಕ್ಕೆ ಹುಲ್ಲು ಹಾಕಿ, ಹಿತ್ತಲ ದಾರಿಯಲ್ಲೇ ಬಂದು ಹಿತ್ತಲ ದಾರಿಯಲ್ಲೇ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದಾಗ ಅವಳು ತಲೆಯ ಮೇಲಿನ ಸಗಣಿ ಮಂಕರಿ ಇಳಿಸಿ ನನ್ನನ್ನೇ ದಿಟ್ಟಿಸಿದಳು.

‘ನೀನು ಕವಲಂದೆ ಗೋವಿಂದಮ್ಮನ್ ಮಗಳಲ್ವಾ?’

ಗೋವಿಂದಮ್ಮ ನನ್ನ ತಾಯಿ. ಬಾಯಿಯ ನೊರೆ ಹಾಗೇ ಇತ್ತು. ‘ಯಾವ ಗೋವಿಂದಮ್ಮ?’ ಎಂದೆ.

‘ಅಯ್ಯೋ, ನಾನೂ ಅಲ್ಲೇ ಉಟ್ಟೋಳು ಕಣವ್ವ. ನಿಮ್ಮಟ್ಟಿ ಇಂದ್ಲು ಬೀದಿ. ಬಾಯಲ್ಲಿ ಸುಳ್ಳೇಳೀಯೆ, ನಿಮ್ಮವ್ವುನ್ ಮೂಗ ತಂದು ಮೊಗುದ್ ಮೇಲೆ ಮಡಿಕಂಡಿದ್ದೀಯಲ್ಲ, ಅದ ಎಲ್ಲಿ ಬಚ್ಚಿಟ್ಟೀಯೆ?’ ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಯಿತು. ‘ನೀನು ಒಳುಗ್ ಉಣ್ತಾ ಇದ್ದೀಯಾ? ಒಲೆ ತಾವ್ಕೂ ಓಯ್ತಿದ್ದೀಯಾ?’

ತಲೆ ಆಡಿಸಿದೆ. ಚಿನ್ನಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿದಳು. ನಾನು ಇವತ್ತೇ ಹೊರಟುಹೋಗುತ್ತೇನೆ ಎಂದೆ.

‘ಓಗ್‌ಬ್ಯಾಡ. ಪಕ್ಸುದ್ ಅಬ್ಬ ಇಟ್ಕಂಡು ಯಾಕೋದ್ಲು ಅಂತ ಕೇಳ್ತರೆ. ಕೇಳ್ತಾ ಕೇಳ್ತಾ ಕವಲಂದೆಗೂ ಓಯ್ತರೆ. ಗೊತ್ತಾದ್ರೆ ನೀನೇನೋ ಬಸ್ ಅತ್ಕಂಡು ಮೈಸೂರ್ ಸೇರ್ಕತೀಯ ಕಣವ್ವ, ನಾವೆಲ್ಲಿಗೆ ಓಗದು? ನಿಮ್ಮೋಳು ಅಂತ ಗೊತ್ತಿದ್ದೂ ಬಾಯ್ಮುಚ್ಕಂಡಿದ್ರಾ ಅಂತ ಮೊದ್ಲು ಬರಾದು ನಮ್ಮಟ್ಟಿ ಮುಂದ್ಕೇ. ಅಬ್ಬ ಮುಗ್ಸು. ನಗ್‌ನಗ್ತಾ ಉಂಡು, ನಗ್‌ನಗ್ತಾ ಓಗು.’

ಅಲ್ಲಿಯವರೆಗೆ ನಾನು ನನಗೋಸ್ಕರ ಮಾತ್ರ ಹೆದರಿದ್ದೆ. ಈಗ ಒಂದು ಇಡೀ ಕೇರಿಗೋಸ್ಕರ ಹೆದರಬೇಕಾಯಿತು. ನನ್ನ ಗುಟ್ಟು ಒಡೆದರೆ ಮುರಿಯುವುದು ನನ್ನ ಕೈಯಲ್ಲ, ಚಿನ್ನಮ್ಮನ ಮನೆಯವರ ಕೈ. ಆಮೇಲೆ ಹಿತ್ತಲಿನಲ್ಲಿ ಅವಳು ಕಂಡರೆ ನಾನು ಬೇರೆ ಕಡೆ ನೋಡುತ್ತಿದ್ದೆ, ಅವಳೂ ಹಾಗೆಯೇ ಮಾಡುತ್ತಿದ್ದಳು.

ಪಕ್ಷದ ಹಬ್ಬ ಎಂದರೆ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಆ ಮನೆಯಲ್ಲಿ ಮಗಳು ಮಾಡಬೇಕಾದ ಕೆಲಸ ಬಹಳ. ಮಗಳು ತೇಜಸ್ವಿನಿ ಗಂಡನ ಊರಿನಲ್ಲಿದ್ದಳು, ಹಬ್ಬಕ್ಕೆ ಬರಲಾಗಿರಲಿಲ್ಲ. ಶಿವನಂಜಮ್ಮ ಅವಳ ಸೀರೆಯನ್ನೇ ನನಗೆ ಉಡಿಸಿ, ‘ಈ ಸಲ ನೀನೇ ನನ್ ಮಗಳು’ ಎಂದರು. ಬೆಳಗಿನ ಜಾವ ಸ್ನಾನ ಮಾಡಿ ನಾನು ಮಸಾಲೆ ರುಬ್ಬಿದೆ, ಬಾಡಿನ ಸಾರು ಕುದಿಸಿದೆ, ಕಜ್ಜಾಯ ತಟ್ಟಿದೆ, ಮುದ್ದೆ ಕಟ್ಟಿದೆ. ನಮ್ಮವ್ವ ಕಲಿಸಿದ ಕೈ. ಸಾರಿನ ವಾಸನೆಗೆ ಶಿವನಂಜಮ್ಮ ಕಣ್ಣು ಮುಚ್ಚಿ, ‘ನಮ್ಮತ್ತೆ ಬದುಕಿದ್ದಾಗ ಇಂಗೇ ಬರ್ತಿತ್ತು ವಾಸ್ನೆ’ ಎಂದರು. ನಾನು ಮಾತ್ರ ಸಂಜೆಯ ಹೊತ್ತಿಗೆ ಇದೆಲ್ಲ ಮುಗಿಯುತ್ತದೆ, ನಾಳೆ ಬಸ್ಸು ಹತ್ತಬಹುದು ಎಂದು ಮನಸ್ಸಿನಲ್ಲೇ ಜಪ ಮಾಡಿಕೊಳ್ಳುತ್ತಿದ್ದೆ.

ಅಡುಗೆ ಮುಗಿಯುತ್ತಾ ಬಂದಾಗ ಶಿವನಂಜಮ್ಮ, ‘ನಮ್ಮಣ್ಣನೂ ಬತ್ತಾವ್ನೆ ಕಣ್ ಮಗ. ಕಳಲೆಯಿಂದ. ನಂಜನಗೂಡ್ನಲ್ಲಿ ಗುಮಾಸ್ತ, ಮಹಾದೇವಸ್ವಾಮಿ ಅಂತ’ ಎಂದರು.

ಕೈಯಲ್ಲಿದ್ದ ಸೌಟು ಹಂಡೆಗೆ ತಗುಲಿ ಸದ್ದಾಯಿತು. ಆ ಬಾಟಲಿ ನೀರಿನ ಗುಮಾಸ್ತರು. ಹೈಸ್ಕೂಲಿನ ಅಷ್ಟೂ ವರ್ಷ ನನ್ನನ್ನು ಅಪ್ಪನ ಪಕ್ಕದಲ್ಲಿ ಬುತ್ತಿ ಉಣ್ಣುವಾಗ ನೋಡಿದ್ದ ಮನುಷ್ಯ. ‘ನಾಗಯ್ಯನ್ ಮಗಳು ಚೆನ್ನಾಗಿ ಓದ್ತಾಳೆ ಕಣ್ರಯ್ಯ’ ಎಂದು ದೂರದಿಂದಲೇ ಮೆಚ್ಚಿಕೊಂಡಿದ್ದ ಮನುಷ್ಯ.

ತಪ್ಪಿಸಿಕೊಳ್ಳಲು ಹೆಣ್ಣಿಗೆ ಒಂದೇ ಒಂದು ದಾರಿ ಇರುತ್ತದೆ. ‘ಅಮ್ಮಾ, ನಾನು ಮುಟ್ಟಾಗಿದ್ದೀನಿ’ ಎಂದರೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಹಿತ್ತಲ ಕೋಣೆಗೆ ಕಳಿಸುತ್ತಾರೆ, ಗಂಡಸರ ಕಣ್ಣಿಗೆ ಬೀಳುವ ಹಾಗೇ ಇಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಬೆಳಗಿನ ಜಾವವೇ ಹೇಳಿದ್ದರೆ ಸರಿಹೋಗುತ್ತಿತ್ತು. ಈಗ ಪ್ರತಿ ಪಾತ್ರೆಯಲ್ಲೂ ನನ್ನ ಕೈ ಇತ್ತು. ಈಗ ಹೇಳಿದರೆ ಅಷ್ಟೂ ಅಡುಗೆ ತಿಪ್ಪೆಗೆ ಹೋಗುತ್ತಿತ್ತು, ಹಿರಿಯರು ಉಪವಾಸ ಬೀಳುತ್ತಿದ್ದರು, ಊರೆಲ್ಲ ಬಾಗಿಲಿಗೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಕಜ್ಜಾಯ ಎಣ್ಣೆಗೆ ಬಿಟ್ಟೆ.

ಮಧ್ಯಾಹ್ನ ಕೋಣೆಯೊಳಗೆ ಎಡೆ ಇಟ್ಟರು. ಕರಿಯಪ್ಪನವರ ತಂದೆಯ ಫೋಟೋ, ಅದರ ಮುಂದೆ ಹೊಸ ಪಂಚೆ, ತಂಬಿಗೆಯಲ್ಲಿ ನೀರು, ಎಲೆಯ ತುಂಬ ನಾನು ಮಾಡಿದ ಅಡುಗೆ. ದೀಪ ಹಚ್ಚಿ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದರು. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಎಲ್ಲರೂ ಮನೆಯ ನಡುವಿನ ತೊಟ್ಟಿಯಲ್ಲಿ ನಿಂತೆವು. ಮುಂಬಾಗಿಲ ಜಗಲಿಯಲ್ಲಿ ಯಾರೋ ಚಪ್ಪಲಿ ಬಿಟ್ಟು, ಕೆಮ್ಮಿ ಕೂತ ಸದ್ದು. ಆ ಕೆಮ್ಮು ನನಗೆ ಗೊತ್ತಿತ್ತು. ನಾನು ಕಂಬದ ಹಿಂದೆ ಸರಿದೆ.

ನಗಬೇಡಿ, ನನಗೆ ಆಗ ಒಳಗಿರುವ ಸತ್ತವನ ಹೆದರಿಕೆಯೂ ಆಯಿತು. ನಾನು ವಿಚಾರವಾದಿ, ಬುದ್ಧನ ಮನೆಯ ಮಗಳು, ದೆವ್ವ ಭೂತ ಎಂದರೆ ಮೂಗು ಮುರಿಯುವವಳು. ಆದರೂ ಆ ಫೋಟೋದ ಮೀಸೆಯ ಗೌಡ, ತನ್ನ ಕಾಲದಲ್ಲಿ ಕೇರಿಯವರನ್ನು ಚಪ್ಪಲಿ ಕೈಯಲ್ಲಿ ಹಿಡಿಸಿ ನಡೆಸಿದ ಗೌಡ, ಈಗ ಒಳಗೆ ಕೂತು ನನ್ನ ಮುದ್ದೆಯನ್ನು ಮೂಸಿ ನೋಡುತ್ತಿದ್ದಾನೆ ಎನ್ನಿಸಿತು. ಬದುಕಿರುವವರಿಗೆ ಗೊತ್ತಾಗದ್ದು ಅವನಿಗೆ ಗೊತ್ತಾಗುವುದಿಲ್ಲವೇ?

ಒಳಗೆ ಠಣ್ ಎಂದು ಸದ್ದಾಯಿತು.

ಕರಿಯಪ್ಪನವರ ಮುಖ ಬಿಳಿಚಿತು. ‘ಏನೋ ತಪ್ ನಡ್ದದೆ’ ಎಂದರು, ಸಣ್ಣ ದನಿಯಲ್ಲಿ. ಬಾಗಿಲು ತಟ್ಟಿ ಒಳಗೆ ಹೋದರೆ ತಂಬಿಗೆ ಮಗುಚಿ ಬಿದ್ದಿತ್ತು. ಕಿಟಕಿ ತೆರೆದಿತ್ತು, ಬೆಕ್ಕೋ ಏನೋ. ಶಿವನಂಜಮ್ಮ ಮಾತ್ರ ಕಣ್ಣಿಗೆ ಸೆರಗು ಒತ್ತಿಕೊಂಡು, ‘ತಪ್ಪೂ ಇಲ್ಲ ಏನೂ ಇಲ್ಲ. ಮಾವ ತೃಪ್ತಿಯಾಗಿ ಉಂಡು ನೀರು ಕುಡ್ದವ್ರೆ’ ಎಂದರು. ಕರಿಯಪ್ಪನವರು ತಂಬಿಗೆ ಎತ್ತಿಟ್ಟು ಕಿಟಕಿಯ ಕಡೆ ಮತ್ತೆ ಮತ್ತೆ ನೋಡಿದರು.

ಊಟಕ್ಕೆ ಸಾಲು ಕೂತಿತು. ನಾನು ಅಡುಗೆಮನೆಯ ಮೂಲೆಗೆ ಅಂಟಿಕೊಂಡೆ, ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿ ಕೊಡುತ್ತಾ ಹೋದೆ. ಶಿವನಂಜಮ್ಮ ಬಡಿಸಿದರು. ಹೊರಗಿನಿಂದ ಮಹಾದೇವಸ್ವಾಮಿಯವರ ದನಿ ಕೇಳಿಸುತ್ತಿತ್ತು: ‘ಇವತ್ತು ಸಾರು ಬಲೇ ಚೆಂದಾಗದೆ ಕಣೆ ನಂಜಿ. ಇಂಥದ್ ತಿಂದು ಎಷ್ಟು ದಿನ ಆಗಿತ್ತು!’

‘ನಾನಲ್ಲ ಕಣಣ್ಣ ಮಾಡ್ದೋಳು’ ಎಂದರು ಶಿವನಂಜಮ್ಮ.

‘ಮಗಾ, ಮೂಲೇಲಿ ಯಾಕೆ ನಿಂತಿದ್ದೀಯೆ? ಬಾ ಇತ್ಲಾಗೆ’ ಎಂದು ಕರಿಯಪ್ಪನವರು ಕೂಗಿದರು. ‘ನಿನ್ ಕೈ ಸಾರು, ನಿನ್ ಕೈಯಾರೆ ಬಡ್ಸು.’

ಮನೆಯ ಯಜಮಾನ ಕರೆದಾಗ ಹೋಗದಿರುವಂತಿಲ್ಲ. ಸಾರಿನ ಪಾತ್ರೆ ಹಿಡಿದು ತಲೆ ತಗ್ಗಿಸಿ ನಡೆದೆ. ಒಂದು ಎಲೆ, ಎರಡನೆಯದು, ಆಮೇಲೆ ಮಹಾದೇವಸ್ವಾಮಿಯವರ ಎಲೆ. ಅವರು ತುತ್ತು ಬಾಯಿಗಿಟ್ಟು ತಲೆ ಎತ್ತಿದರು.

‘ನೀನು... ನಾಗಯ್ಯ...’

‘ಯಾವ ನಾಗಯ್ಯ? ಗೊತ್ತಾ ನಿಂಗೆ ನಮ್ಮುಡುಗಿ?’ ಎಂದು ಕರಿಯಪ್ಪನವರು ಕೇಳಿದರು. ಇಡೀ ಸಾಲು ನಮ್ಮ ಕಡೆ ತಿರುಗಿತು.

ಮಹಾದೇವಸ್ವಾಮಿಯವರ ದವಡೆ ನಿಂತಿತ್ತು. ಕೆನ್ನೆ ಉಬ್ಬಿತ್ತು. ಅವರ ಕಣ್ಣು ನನ್ನ ಮುಖದಿಂದ ಎಲೆಗೆ ಹೋಯಿತು. ಎಲೆಯಲ್ಲಿ ಅರ್ಧ ಮುದ್ದೆ ಖಾಲಿಯಾಗಿತ್ತು, ಮೂಳೆಗಳನ್ನು ಚೆನ್ನಾಗಿ ಚೀಪಿ ಅಂಚಿಗೆ ಇಟ್ಟಿದ್ದರು. ಅವರ ಲೆಕ್ಕಾಚಾರ ನನಗೆ ಕಾಣುತ್ತಿತ್ತು. ಈಗ ಸತ್ಯ ಹೇಳಿದರೆ ಮೊದಲು ಎದ್ದು ಹೋಗಬೇಕಾದವರು ತಾವೇ. ನಾಗಯ್ಯನ ಮಗಳ ಕೈಯ ಬಾಡನ್ನು ಹೊಗಳಿ ತಿಂದವರೆಂದು ಕಳಲೆಯಲ್ಲೂ ಕಚೇರಿಯಲ್ಲೂ ಹೆಸರಾಗುವುದು ತಮ್ಮದೇ. ಉಗುಳುವಂತಿಲ್ಲ, ಎಡೆಯ ಊಟ ಉಗುಳಿದರೆ ಹಿರಿಯರಿಗೆ ಅವಮಾನ. ಅವರು ನುಂಗಿದರು.

‘ಇಲ್ಲ. ಯಾರೋ ಅನ್ಕಂಡೆ’ ಎಂದರು.

‘ನಮ್ಮಣ್ಣುಂಗೆ ಇನ್ನೊಂದು ಸೌಟು ಆಕು ಮಗ’ ಎಂದರು ಶಿವನಂಜಮ್ಮ. ಹಾಕಿದೆ. ಎಲೆ ಬಿಟ್ಟು ಏಳುವಂತಿಲ್ಲ, ಅದನ್ನೂ ಅವರು ತಿಂದರು, ಒಂದೊಂದೇ ತುತ್ತು, ಔಷಧಿ ಕುಡಿದಂತೆ. ನಿಜ ಹೇಳಬೇಕೆಂದರೆ ಅಷ್ಟು ಹೆದರಿಕೆಯ ಮಧ್ಯೆಯೂ ನನಗೆ ಒಂದು ಗಳಿಗೆ ನಗು ಬಂತು. ತುಟಿ ಕಚ್ಚಿಕೊಂಡು ಒಳಗೆ ಓಡಿದೆ.

ಊಟವಾದ ಮೇಲೆ ಹಿತ್ತಲಿನಲ್ಲಿ ಪಾತ್ರೆಗೆ ನೀರು ತುಂಬುತ್ತಿದ್ದೆ. ಕೈ ತೊಳೆಯುವ ನೆಪದಲ್ಲಿ ಅವರು ಬಂದರು. ಹಿಂದೆ ಮುಂದೆ ನೋಡಿ, ‘ನಾಳೆ ಮೊದ್ಲು ಬಸ್ಸಿಗೆ ಓಗ್ಬುಡು’ ಎಂದರು. ‘ನಿಮ್ಮಪ್ಪಂಗೆ ಏಳ್ಬ್ಯಾಡ. ನಾನು ಉಂಡೆ ಅಂತ ಏಳ್ಬ್ಯಾಡ.’

ನನ್ನ ಎದುರು ನಿಂತು ಹೆದರುತ್ತಿರುವ ಮಹಾದೇವಸ್ವಾಮಿಯವರನ್ನು ನೋಡುವ ಭಾಗ್ಯ ಅಪ್ಪನಿಗೆ ಸಿಗಲಿಲ್ಲವಲ್ಲ ಎನ್ನಿಸಿತು. ಆದರೆ ಹೆದರಿದ ಮನುಷ್ಯನ ಹತ್ತಿರ ಎಚ್ಚರವಾಗಿರಬೇಕು ಎಂದು ನನಗೆ ಆಗ ಗೊತ್ತಿರಲಿಲ್ಲ.

‘ಏಳಲ್ಲ’ ಎಂದೆ. ಗಾಬರಿಯಲ್ಲಿ ನನ್ನ ಬಾಯಿಗೂ ನಮ್ಮ ಕಡೆಯ ಮಾತೇ ಬಂತು.

‘ಈ ಊರಲ್ಲಿ ಇನ್ಯಾರ್ಗ್ ಗೊತ್ತು?’

‘ಯಾರಿಗೂ ಇಲ್ಲ.’

ಹೇಳಿದ್ದು ಬಾಯಿ. ಕಣ್ಣು ಕೊಟ್ಟಿಗೆಯ ಕಡೆ ಹೋಗಿಬಿಟ್ಟಿತು. ಅಲ್ಲಿ ಚಿನ್ನಮ್ಮ ಹಸುವಿಗೆ ಕಲಗಚ್ಚು ಇಡುತ್ತಿದ್ದವಳು, ನಮ್ಮಿಬ್ಬರನ್ನೂ ನೋಡಿ ಸಟ್ಟನೆ ಬೆನ್ನು ತಿರುಗಿಸಿದಳು. ಮಹಾದೇವಸ್ವಾಮಿ ನನ್ನ ಕಣ್ಣು ಹೋದ ದಿಕ್ಕನ್ನು ನೋಡಿದರು, ತಿರುಗಿದ ಬೆನ್ನನ್ನೂ ನೋಡಿದರು. ‘ಓ’ ಎಂದರು. ಕೈ ತೊಳೆದು ಒಳಗೆ ಹೋದರು.

ಸಂಜೆ ಅವರು ಹೊರಡುವ ಮುಂಚೆ ಜಗಲಿಯಲ್ಲಿ ಕೂತು ಭಾವನಿಗೆ ಹೇಳಿದ್ದು ನನಗೆ ಒಳಗಿನಿಂದ ಕೇಳಿಸಿತು. ‘ತಂಬ್ಗೆ ಸುಮ್‌ಸುಮ್ನೆ ಬೀಳ್ತದಾ ಭಾವ? ಆ ಕೊಟ್ಗೆ ಎಂಗ್ಸು ಕಿಟ್ಕೀಲಿ ಇಣುಕ್ತಿದ್ಳು. ನಾನು ಬರುವಾಗ ಕಣ್ಣಾರೆ ಕಂಡೆ. ಎಡೆ ಇಕ್ಕಿರೋವಾಗ ಅಂಥೋರ ಕಣ್ ಬಿದ್ರೆ ಮನೆ ಉಳ್ದದಾ?’

ಕರಿಯಪ್ಪನವರಿಗೆ ಮಧ್ಯಾಹ್ನದಿಂದ ಬೇಕಾಗಿದ್ದ ಉತ್ತರ ಸಿಕ್ಕಿತು. ಅವರು ಕೂಗಾಡಲಿಲ್ಲ. ಹಿತ್ತಲಿಗೆ ಹೋಗಿ, ‘ಚಿನ್ನಿ, ನಾಳೆಯಿಂದ ಬರ್‌ಬ್ಯಾಡ. ಇಲ್ಲೂ ಬ್ಯಾಡ, ಗದ್ದೆಗೂ ಬ್ಯಾಡ’ ಎಂದರು. ‘ಏನ್ ಬುದ್ಧೀ, ನಾನೇನ್ ಮಾಡ್ದೆ’ ಎಂದಳು ಚಿನ್ನಮ್ಮ. ಇಣುಕಿದೆಯಂತೆ ಎಂದರು. ಇಲ್ಲ ಬುದ್ಧೀ ಎಂದಳು. ಕರಿಯಪ್ಪನವರು ಆಗಲೇ ಒಳಗೆ ಬಂದಿದ್ದರು.

ಕಿಟಕಿಯ ಹತ್ತಿರ ಅವಳು ಸುಳಿದಿರಲಿಲ್ಲ ಎಂದು ನನಗೆ ಗೊತ್ತಿತ್ತು. ಎಡೆ ಇಟ್ಟ ಹೊತ್ತಿನಲ್ಲಿ ಅವಳು ಹಿತ್ತಲಿನಲ್ಲಿ ನೀರು ಹೊರುತ್ತಿದ್ದುದನ್ನು ತೊಟ್ಟಿಯ ಕಂಬದ ಹಿಂದಿನಿಂದ ನಾನೇ ನೋಡಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಮಹಾದೇವಸ್ವಾಮಿ ಏನು ಉತ್ತರ ಕೊಡುತ್ತಾರೋ, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಹೆದರಿ, ಅಡುಗೆಮನೆಯಲ್ಲಿ ಉಳಿದ ಕಜ್ಜಾಯಗಳನ್ನು ಡಬ್ಬಿಗೆ ತುಂಬಿದೆ. ಎಷ್ಟೋ ಕಜ್ಜಾಯ ಮುರಿದವು.

ಬೆಳಿಗ್ಗೆ ಹೊರಟೆ. ಶಿವನಂಜಮ್ಮ ನನ್ನನ್ನು ತಬ್ಬಿಕೊಂಡು ಅತ್ತರು. ಬ್ಯಾಗು ಹೊರಲು ಬಂದ ಕರಿಯಪ್ಪನವರನ್ನು ಬೇಡವೆಂದು ತಡೆದು ಒಬ್ಬಳೇ ನಡೆದೆ. ಬಸ್ಸು ನಿಲ್ಲುವುದು ಊರ ಹೊರಗೆ, ನಾಲೆಯ ಸೇತುವೆಯ ಬಳಿ. ಅಲ್ಲಿ ಚಿನ್ನಮ್ಮ ಕಾದು ನಿಂತಿದ್ದಳು. ರಾತ್ರಿಯೆಲ್ಲ ಅತ್ತಂತಿತ್ತು ಮುಖ. ನನ್ನನ್ನು ಕಂಡು ನಕ್ಕಳು.

‘ನಾನು ಇಣುಕ್ನಿಲ್ಲ ಕಣವ್ವ’ ಎಂದಳು. ‘ಸತ್ತೋರು ಉಣ್ಣಾದ ನೋಡಿ ನಂಗೇನಾಗ್ಬೇಕು?’

‘ಗೊತ್ತು ಚಿನ್ನಮ್ಮ.’ ನನ್ನ ಕಣ್ಣಿನಿಂದಲೇ ನಿನ್ನ ಕೂಲಿ ಹೋಯಿತು ಎಂದು ಹೇಳಲು ಬಾಯಿ ಬರಲಿಲ್ಲ. ‘ಈಗ ಏನು ಮಾಡ್ತೀಯ?’

‘ಏನೋ ಮಾಡ್ತೀನಿ. ನರಸೀಪುರುದ್ ಕಡೆ ಕಬ್ ಕಡಿಯಕ್ ಓಯ್ತರೆ, ಅವರ್ ಜೊತೆ ಓದ್ರಾಯ್ತು. ನಿನ್ನ ಇಷ್ಯ ಆಚೆ ಬರ್ನಿಲ್ವಲ್ಲ, ಅಷ್ಟೇ ಸಾಕು. ಕೇರಿ ಉಳ್ಕತ್ತು.’ ಸೆರಗಿನೊಳಗಿಂದ ಒಂದು ಪೊಟ್ಟಣ ತೆಗೆದಳು. ಮುತ್ತುಗದ ಎಲೆ, ಇನ್ನೂ ಬಿಸಿ ಇತ್ತು, ಹಬೆಗೆ ಎಲೆ ಬಾಡಿತ್ತು. ‘ನಾವೂ ಎಡೆ ಇಕ್ಕಿದ್ದೊ ರಾತ್ರಿ. ಬಾಡು ಬಿಸಿ ಮಾಡಿ ಕಟ್ಕ ಬಂದೀನಿ. ನಮ್ಮೂರ್ ಮಗಳು ನೀನು, ನಮ್ಮ ಎಡೆ ತಿನ್ದೆ ಓಗ್ಬಾರ್ದು. ತಕ್ಕೊ.’

ಆ ವಾಸನೆ ನಮ್ಮವ್ವನ ಒಲೆಯ ವಾಸನೆ. ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಬಂತು. ಕೈ ಚಾಚಿದೆ. ಚಾಚುತ್ತಲೇ ನನ್ನ ತಲೆ ತಾನಾಗಿ ಊರಿನ ದಾರಿಯ ಕಡೆ ತಿರುಗಿತು. ಯಾರಾದರೂ ಬರುತ್ತಿದ್ದಾರಾ? ಈ ಕಡೆ ನೋಡಿದೆ, ನಾಲೆಯ ಏರಿಯ ಕಡೆಯೂ ನೋಡಿದೆ. ಇಷ್ಟು ದಿನದ ಅಭ್ಯಾಸ, ನಾನು ಬೇಕೆಂದು ಮಾಡಿದ್ದಲ್ಲ. ಗದ್ದೆಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ತಿರುಗಿ ಚಿನ್ನಮ್ಮನನ್ನು ನೋಡಿದಾಗ ಅವಳ ಕೈ ಅಲ್ಲಿರಲಿಲ್ಲ. ಊರಿನವರಿಗೆ ಏನಾದರೂ ಕೊಡಬೇಕಾದಾಗ ಕೇರಿಯವರು ಮಾಡುವಂತೆ ಪೊಟ್ಟಣವನ್ನು ಸೇತುವೆಯ ಕಲ್ಲಿನ ಮೇಲೆ ಇಟ್ಟು, ಸೆರಗು ಎಳೆದುಕೊಂಡು, ಹಿಂದಕ್ಕೆ ಸರಿದು ನಿಂತಿದ್ದಳು.

‘ಎದ್ರುಕೋಬ್ಯಾಡಿ ಅವ್ವಾ’ ಎಂದಳು. ‘ಯಾರೂ ನೋಡ್ನಿಲ್ಲ.’